ವಾದಿ ಅಂದರೆ ಯಾರು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳ್ಳಿಹಬ್ಬದ ದಿವಸ ಸಂಘದ ಏಳಿಗೆಯ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ಷೇರು ಬಂಡವಾಳ ಎಷ್ಟಿತ್ತು, ಈಗ ಎಷ್ಟಾಗಿದೆ, ಗೊಬ್ಬರದ ಗೋದಾಮು ಹೇಗೆ ಎದ್ದಿತು ಎಂಬುದನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಓದಿದ್ದಾರೆ. ಅದನ್ನೇ ನಾವೂ ಹೇಳಿದರೆ ತಮಗೆ ಊಟದ ಹೊತ್ತು ಮೀರುತ್ತದೆ. ಆದ್ದರಿಂದ ನಾವು ಒಂದೇ ಒಂದು ಶಬ್ದದ ವಿಚಾರ ಹೇಳುತ್ತೇವೆ. ಆ ಶಬ್ದ 'ವಾದಿ'. ಹಬ್ಬದ ದಿನ ಕೋರ್ಟು ಕಚೇರಿ ಮಾತು ಯಾಕಪ್ಪಾ ತೆಗೆದ್ರು ಅಂತ ಯಾರೂ ಬೇಸರ ಮಾಡ್ಕೋಬೇಡಿ. ಈ ಮಾತು ನಮ್ಮ ಸಂಘದ ಬಾಗಿಲಿಗೇ ಬಂದು ನಿಂತಿರುವ ಮಾತು.

ಸಾಲ ಕಟ್ಟದೇ ಉಳಿದಾಗ ಸಂಘದಿಂದ ಕೇಸು ಹೋಗುತ್ತದೆ. ಆ ಕಾಗದದಲ್ಲಿ ಮೇಲ್ಗಡೆ ಸಂಘದ ಹೆಸರು, ಪಕ್ಕದಲ್ಲಿ 'ವಾದಿ' ಅಂತಲೋ 'ಅರ್ಜಿದಾರ' ಅಂತಲೋ ಇರುತ್ತದೆ. ಕೆಳಗಡೆ ಸದಸ್ಯನ ಹೆಸರು, ಪಕ್ಕದಲ್ಲಿ 'ಪ್ರತಿವಾದಿ'. ಕಾಗದ ಕೈಗೆ ಬಂದ ಸದಸ್ಯರು ನಿರ್ದೇಶಕರನ್ನು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಾರೆ: "ಏನ್ ಸ್ವಾಮಿ, ನಮ್ಮ ಷೇರು ದುಡ್ಡಿನಲ್ಲಿ ಕಟ್ಟಿದ ಸಂಘ ನಮ್ಮ ಮೇಲೇ ವಾದಕ್ಕೆ ಬರ್ತದಾ?" ಈ ಪ್ರಶ್ನೆಗೆ ಕಾಯಿದೆ ಪುಸ್ತಕದಲ್ಲಿ ಉತ್ತರ ಇದೆ. ಆದರೆ ಅದಕ್ಕೂ ಮೊದಲು ವಾದಿ ಅಂದರೆ ಯಾರು, ಆ ಹೆಸರು ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಅರ್ಧ ಉತ್ತರ ಸಿಕ್ಕಿದಂತೆ.

ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ. ಶಬ್ದದ ವಿಚಾರಕ್ಕೆ ರೈತ ಯಾಕೆ ಕೈ ಹಾಕಬೇಕು ಅಂತ ಕೇಳಬಹುದು. ನಮ್ಮ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದರು. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ದುಡಿದವರು, 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ವಿಜ್ಞಾನದ ವಿಷಯವನ್ನು ಸಾಮಾನ್ಯ ಜನಕ್ಕೆ ಕನ್ನಡದಲ್ಲೇ ಹೇಳಬೇಕೆಂದು 'ವಿಜ್ಞಾನ' ಎಂಬ ಪತ್ರಿಕೆಯನ್ನೇ ನಡೆಸಿದರು. ಭೌತಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದಾದರೆ ಕೋರ್ಟಿನ ಶಬ್ದವನ್ನು ಬೆಳ್ಳಾವಿಯ ಸಭೆಯಲ್ಲಿ ಬಿಡಿಸಿ ಹೇಳಬಾರದೇಕೆ?

ಈಗ ವಿಷಯಕ್ಕೆ ಬರೋಣ. 'ವಾದಿ' ಸಂಸ್ಕೃತದ ಮಾತು. 'ವದ್' ಅಂದರೆ ಮಾತಾಡು. ವಾದಿ ಅಂದರೆ ಮಾತಾಡುವವನು, ತನ್ನ ಮಾತನ್ನು ಮುಂದಿಡುವವನು, ಅಷ್ಟೇ. ಜಗಳಗಂಟ ಅಂತ ಅರ್ಥ ಇಲ್ಲ. ಪ್ರತಿವಾದಿ ಅಂದರೆ ಅದಕ್ಕೆ ಎದುರು ಮಾತಾಡುವವನು, ಉತ್ತರ ಕೊಡುವವನು. ಅವನೂ ಕಳ್ಳನಲ್ಲ, ಅಪರಾಧಿಯಲ್ಲ. ನಮ್ಮ ಕಡೆ ಪ್ರತಿವಾದಿ ಅಂತ ಹೆಸರು ಬಿದ್ದರೆ ಸಾಕು, ಮಾನ ಹೋಯ್ತು ಅಂತ ಮನೆ ಬಿಟ್ಟು ಆಚೆ ಬರದವರಿದ್ದಾರೆ. ಆ ಶಬ್ದದಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ಧರ್ಮಶಾಸ್ತ್ರದಲ್ಲಿ ವಾದಿಗೆ ಇನ್ನೊಂದು ಹೆಸರಿದೆ, 'ಅರ್ಥಿ'. ಅರ್ಥಿ ಅಂದರೆ ಬೇಡುವವನು, ಬಯಸುವವನು. ವಿದ್ಯೆ ಬೇಡುವವನು ವಿದ್ಯಾರ್ಥಿ. ಚುನಾವಣೆಗೆ ನಿಂತವನು ಅಭ್ಯರ್ಥಿ, ಅವನೂ ಬೇಡುವವನೇ. ಸಂಘದ ಚುನಾವಣೆ ಬಂದಾಗ ನಾವೆಲ್ಲ ಮನೆಮನೆಗೆ ಬಂದು ಬೇಡಿದ್ದು ತಮಗೆ ನೆನಪಿರಬಹುದು. ಕೋರ್ಟಿನಲ್ಲಿ ನ್ಯಾಯ ಬೇಡುವವನು ಅರ್ಥಿ, ಎದುರಿಗೆ ನಿಂತವನು ಪ್ರತ್ಯರ್ಥಿ. ಮೊಕದ್ದಮೆಗೆ ಅವರು ಕೊಟ್ಟ ಹೆಸರು 'ವ್ಯವಹಾರ'. ನಾವು ಇವತ್ತು ವ್ಯವಹಾರ ಅಂದರೆ ಕೊಡುವುದು ತಗೊಳ್ಳುವುದು ಅಂತೇವೆ. ಕಾತ್ಯಾಯನ ಎಂಬ ಸ್ಮೃತಿಕಾರ ಆ ಶಬ್ದವನ್ನು ಬಿಡಿಸಿ, ನಾನಾ ಬಗೆಯ ಸಂದೇಹಗಳನ್ನು ಹರಿಸುವುದೇ ವ್ಯವಹಾರ ಅಂದ. ಕೊಟ್ಟು ತಗೊಳ್ಳುವ ಕಡೆ ಸಂದೇಹ ಬರುವುದು ಸಹಜ, ಸಂದೇಹ ಬಂದ ಕಡೆ ಅದನ್ನು ಹರಿಸುವ ಏರ್ಪಾಡೂ ಇರಬೇಕು. ಸಂಘ ನಡೆಸುವವರು ಈ ಎರಡು ಅರ್ಥವನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಈ ಶಾಸ್ತ್ರವೆಲ್ಲ ಕಾಶಿಯ ಕಡೆಯದು ಅಂತ ತಿಳಿಯಬೇಡಿ. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕರ್ನಾಟಕದವನು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಕಲ್ಯಾಣ ಪಟ್ಟಣದಲ್ಲಿದ್ದು ಬರೆದ. ಅದು ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಂಗಾಳ ಅಸ್ಸಾಮಿನ ಕಡೆ ಬಿಟ್ಟರೆ ದೇಶದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಪಾಲು ನಡೆದುಬಂದದ್ದು ಈ ಗ್ರಂಥದ ಮೇಲೆಯೇ. ಬ್ರಿಟಿಷರ ಕೋರ್ಟುಗಳೂ ಇದನ್ನೇ ಹಿಡಿದು ತೀರ್ಪು ಕೊಟ್ಟವು.

ಆ ಗ್ರಂಥದ ಪ್ರಕಾರ ಮೊಕದ್ದಮೆಗೆ ದನದ ಹಾಗೆ ನಾಲ್ಕು ಕಾಲು. ಮೊದಲನೆಯದು 'ಭಾಷೆ', ವಾದಿ ಹೇಳುವ ಮಾತು. ಎರಡನೆಯದು 'ಉತ್ತರ', ಪ್ರತಿವಾದಿ ಕೊಡುವ ಜವಾಬು. ಮೂರನೆಯದು 'ಕ್ರಿಯೆ', ರುಜುವಾತು. ನಾಲ್ಕನೆಯದು 'ಸಾಧ್ಯಸಿದ್ಧಿ', ಫಲ. ರುಜುವಾತಿಗೆ ಬರಹ, ಅನುಭವ, ಸಾಕ್ಷಿ ಎಂಬ ಮೂರನ್ನು ಹೇಳಿದ್ದಾರೆ. ಅನುಭವ ಅಂದರೆ ಸ್ವಾಧೀನದಲ್ಲಿಟ್ಟುಕೊಂಡು ಉಳುಮೆ ಮಾಡಿಕೊಂಡು ಬಂದಿರುವುದು. ಇವತ್ತಿಗೂ ನಮ್ಮ ಜಮೀನಿನ ವ್ಯಾಜ್ಯದಲ್ಲಿ ಪತ್ರ, ಪಹಣಿಯ ಅನುಭವದ ಕಾಲಂ, ಅಕ್ಕಪಕ್ಕದವರ ಸಾಕ್ಷಿ ಈ ಮೂರೇ ಅಲ್ವಾ ಓಡಾಡುವುದು?

ವಾದಿಯ ಮಾತನ್ನು ಎದುರಾಳಿಯ ಮುಂದೆಯೇ ಬರೆದುಕೊಳ್ಳಬೇಕು, ಅವನು ಹೇಳಿದ ಹಾಗೆಯೇ ಬರೆಯಬೇಕು, ವರ್ಷ, ತಿಂಗಳು, ಪಕ್ಷ, ದಿವಸ, ಹೆಸರು ಮುಂತಾದ್ದು ಇರಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಈಗ ನಡೆಯುತ್ತಿರುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶ ತೆಗೆದು ನೋಡಿ. ದಾವಾಪತ್ರದಲ್ಲಿ ಕೋರ್ಟಿನ ಹೆಸರು, ವಾದಿ ಪ್ರತಿವಾದಿಗಳ ಹೆಸರು ವಾಸಸ್ಥಳ, ವ್ಯಾಜ್ಯಕ್ಕೆ ಕಾರಣ ಏನು, ಅದು ಯಾವಾಗ ಹುಟ್ಟಿತು, ಕೇಳುವ ಪರಿಹಾರ ಏನು ಎಂಬುದೆಲ್ಲ ಇರಬೇಕು ಅಂತಿದೆ. ನಡುವೆ ಎಷ್ಟೋ ರಾಜ್ಯ ಬಂದು ಹೋದವು. ಯಾರು, ಯಾರ ಮೇಲೆ, ಏನಕ್ಕೆ, ಯಾವತ್ತು ಎಂಬ ನಾಲ್ಕು ಪ್ರಶ್ನೆ ಮಾತ್ರ ಹಾಗೇ ಉಳಿದಿವೆ.

ಪ್ರತಿವಾದಿಯ ಉತ್ತರವೂ ನಾಲ್ಕು ಬಗೆ. "ಸಾಲ ತಗೊಂಡೇ ಇಲ್ಲ" ಅಂದರೆ ಮಿಥ್ಯೆ, ಅಂದರೆ ನಿರಾಕರಣೆ. "ತಗೊಂಡಿದ್ದು ನಿಜ, ಕೊಡಬೇಕು" ಅಂದರೆ ಸಂಪ್ರತಿಪತ್ತಿ, ಒಪ್ಪಿಗೆ. "ತಗೊಂಡಿದ್ದೆ, ಆದರೆ ತೀರಿಸಿದ್ದೇನೆ" ಅಂದರೆ ಕಾರಣೋತ್ತರ. "ಇದು ಹಿಂದೆಯೇ ತೀರ್ಮಾನ ಆಗಿಹೋಗಿದೆ" ಅಂದರೆ ಪ್ರಾಙ್ನ್ಯಾಯ. ಒಪ್ಪಿಕೊಂಡುಬಿಟ್ಟರೆ ರುಜುವಾತಿನ ಕೆಲಸ ಇಲ್ಲ, ಮೊಕದ್ದಮೆ ಎರಡೇ ಕಾಲಿಗೆ ನಿಲ್ಲುತ್ತದೆ ಅಂತ ವಿಜ್ಞಾನೇಶ್ವರ ಹೇಳಿದ್ದಾನೆ. ನಮ್ಮ ಸಂಘದ ಸದಸ್ಯರಲ್ಲಿ ಸಾಲ ತಗೊಂಡೇ ಇಲ್ಲ ಅನ್ನುವವರು ಅಪರೂಪ. ಬಹುತೇಕ ಎಲ್ಲರೂ "ನಿಜ ಸ್ವಾಮಿ, ಕಟ್ಟಬೇಕು, ಈ ಸಲ ಮಳೆ ಕೈಕೊಟ್ಟಿತು" ಅನ್ನುವವರೇ. ಅಂದರೆ ಎರಡು ಕಾಲಿಗೇ ನಿಲ್ಲಬೇಕಾದ ವ್ಯಾಜ್ಯವನ್ನು ನಾಲ್ಕು ಕಾಲಿನ ಮೇಲೆ ಓಡಿಸುವುದು ಯಾಕೆ ಎಂಬುದನ್ನು ಎರಡೂ ಕಡೆಯವರು ಯೋಚನೆ ಮಾಡಬೇಕು.

ಸಂಸ್ಕೃತದ್ದು ಇಷ್ಟಾಯಿತು. ಇನ್ನು ನಮ್ಮ ಹಿರಿಯರು ವಾದಿ ಅನ್ನುತ್ತಿದ್ದುದೇ ಕಮ್ಮಿ. ಫಿರ್ಯಾದಿ, ದಾವೆದಾರ, ಮುದ್ದಾಯಿ ಅನ್ನುತ್ತಿದ್ದರು. ಇವು ಪಾರ್ಸಿ, ಅರಬ್ಬಿ ಕಡೆಯ ಮಾತುಗಳು. ಇವು ಬಂದ ದಾರಿ ನಮಗೆ ದೂರದ್ದಲ್ಲ. ನಮ್ಮ ಜಿಲ್ಲೆಯ ಶಿರಾ 1638ರಲ್ಲಿ ಬಿಜಾಪುರದವರ ಕೈಗೆ ಹೋಯಿತು, 1687ರಲ್ಲಿ ಮೊಗಲರ ಸುಬಾದ ಮುಖ್ಯ ಪಟ್ಟಣವಾಯಿತು. ಸುಬೇದಾರರ ಕಚೇರಿಯ ಭಾಷೆ ಪಾರ್ಸಿ. ಆಮೇಲೆ ಹೈದರ್, ಟಿಪ್ಪು ಕಾಲದಲ್ಲೂ ಕಚೇರಿಯಲ್ಲಿ ಪಾರ್ಸಿ ನಡೆಯಿತು. ಹೀಗೆ ಕಚೇರಿಯಿಂದ ಬಂದ ಮಾತು ಹಟ್ಟಿಯ ತನಕ ಇಳಿದು ಕನ್ನಡವೇ ಆಗಿಹೋಯಿತು.

'ಫರ್ಯಾದ್' ಅಂದರೆ ಪಾರ್ಸಿಯಲ್ಲಿ ಕೂಗು, ನೆರವಿಗಾಗಿ ಇಡುವ ಮೊರೆ. ಹಾಗೆ ಕೂಗಿಕೊಂಡವನು ಫಿರ್ಯಾದಿ. 'ದಾವೆ' ಅರಬ್ಬಿ ಮಾತು, ಅದರ ಮೂಲದಲ್ಲಿ ಕರೆಯುವುದು ಎಂಬ ಅರ್ಥ ಇದೆ. ನನ್ನದು ಅಂತ ಕರೆದು ಹೇಳುವುದೇ ದಾವೆ. ಮುದ್ದಾಯಿ ಎಂಬುದೂ ಅದೇ ಬೇರಿನಿಂದ ಹೊರಟ ಶಬ್ದ. 'ಅರ್ಜಿ' ಅಂದರೆ ಮುಂದಿಡುವುದು, ಬಿನ್ನಹ ಮಾಡುವುದು. 'ತಕರಾರು' ಅಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಮ್ಮ ವಾರ್ಷಿಕ ಮಹಾಸಭೆ ನೋಡಿದವರಿಗೆ ಇದಕ್ಕೆ ಅರ್ಥ ಬಿಡಿಸಿ ಹೇಳಬೇಕಾದ್ದಿಲ್ಲ. ಕಡೆಯದಾಗಿ 'ರಾಜಿ'. ರಾಜಿ ಅಂದರೆ ಸೋತು ತಲೆಬಾಗುವುದು ಅಂತ ತಿಳಿದವರಿದ್ದಾರೆ. ಮೂಲದಲ್ಲಿ ಅದಕ್ಕೆ ಒಪ್ಪಿಗೆಯಾದವನು, ಸಂತೃಪ್ತಿಯಾದವನು ಅಂತ ಅರ್ಥ. ಇಬ್ಬರಿಗೂ ಮನಸ್ಸಿಗೆ ಒಪ್ಪಿದರೆ ರಾಜಿ. ಒಬ್ಬನನ್ನು ಕೂರಿಸಿ ಹೆದರಿಸಿ ಹೆಬ್ಬೆಟ್ಟು ಒತ್ತಿಸಿದರೆ ಅದು ರಾಜಿ ಅಲ್ಲ.

ಇನ್ನು ಇಂಗ್ಲಿಷಿನ 'ಪ್ಲೇಂಟಿಫ್'. ವಕೀಲರ ಬಾಯಲ್ಲಿ ದಾವಾಪತ್ರಕ್ಕೆ 'ಪ್ಲೇಂಟು' ಅನ್ನುವುದನ್ನು ಕೇಳಿರುತ್ತೀರಿ. ಈ ಶಬ್ದ ಇಂಗ್ಲಿಷರದ್ದೂ ಅಲ್ಲ. 1066ರಲ್ಲಿ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ದೊಡ್ಡವರ ಭಾಷೆ ಫ್ರೆಂಚ್ ಆಯಿತು, ಕೋರ್ಟಿನ ವಾದವೂ ಫ್ರೆಂಚಿಗೆ ಹೋಯಿತು. ಆ ಫ್ರೆಂಚ್ ಶಬ್ದದ ಹಿಂದೆ ಲ್ಯಾಟಿನ್ ಇದೆ. ಲ್ಯಾಟಿನ್ನಿನ 'ಪ್ಲಾಂಗೆರೆ' ಅಂದರೆ ಹೊಡೆಯುವುದು, ದುಃಖದಲ್ಲಿ ಎದೆ ಬಡಿದುಕೊಳ್ಳುವುದು. ಎದೆ ಬಡಿದುಕೊಂಡು ಅತ್ತವನೇ ಪ್ಲೇಂಟಿಫ್. ಪೊಲೀಸ್ ಸ್ಟೇಷನ್ನಿಗೆ ಕೊಡುತ್ತೇವಲ್ಲ 'ಕಂಪ್ಲೇಂಟು', ಅದೂ ಅದೇ ಬೇರಿನದು.

ಇಂಗ್ಲೆಂಡಿನ ರೈತನಿಗೂ ತನ್ನ ಮೊಕದ್ದಮೆಯ ಭಾಷೆ ತಿಳಿಯದೆ ಬಹಳ ಕಾಲ ಕಷ್ಟ ಇತ್ತು. 1362ರಲ್ಲಿ ಅಲ್ಲಿ ಒಂದು ಕಾಯಿದೆ ಮಾಡಿ, ಫ್ರೆಂಚ್ ಜನಕ್ಕೆ ತಿಳಿಯುವುದಿಲ್ಲ, ಆದ್ದರಿಂದ ವಾದ ಇಂಗ್ಲಿಷಿನಲ್ಲಿ ನಡೆಯಲಿ ಅಂದರು. ಕಾಗದಪತ್ರವೂ ಪೂರಾ ಇಂಗ್ಲಿಷಿಗೆ ಬರಲು 1733 ಆಯಿತು. 1999ರಲ್ಲಿ ಅವರು ಪ್ಲೇಂಟಿಫ್ ಎಂಬ ಹಳೇ ಹೆಸರನ್ನೇ ತೆಗೆದು 'ಕ್ಲೇಮೆಂಟ್' ಅಂತ ಇಟ್ಟರು, ಸಾಮಾನ್ಯನಿಗೆ ಸುಲಭವಾಗಲಿ ಅಂತ. ಆದರೆ ಆ 'ಕ್ಲೇಮ್' ಎಂಬ ಶಬ್ದದ ಲ್ಯಾಟಿನ್ ಮೂಲಕ್ಕೂ ಕೂಗುವುದು ಅಂತಲೇ ಅರ್ಥ! ನಮ್ಮ ದೇಶದ ಸಂಹಿತೆಯಲ್ಲಿ ಹಳೇ ಹೆಸರೇ ಇದೆ. 1963ರ ರಾಜ್ಯಭಾಷಾ ಕಾಯಿದೆ ಬಂದ ಮೇಲೆ ಕನ್ನಡ ನಮ್ಮ ಆಡಳಿತ ಭಾಷೆ, ತಾಲ್ಲೂಕು ಜಿಲ್ಲಾ ಕೋರ್ಟುಗಳಲ್ಲಿ ಕನ್ನಡದಲ್ಲೇ ದಾವೆ ಬರೆಯಬಹುದು, ಕನ್ನಡದಲ್ಲೇ ತೀರ್ಪು ಬರೆಯುವ ನ್ಯಾಯಾಧೀಶರೂ ಇದ್ದಾರೆ. ನಮ್ಮ ವಕೀಲ ಮಿತ್ರರಲ್ಲಿ ನಮ್ಮದೊಂದು ಕೋರಿಕೆ: ಕಕ್ಷಿಗಾರ ಓದಿ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯಿರಿ. ಕೂಗುವವನಿಗೆ ತಾನು ಏನು ಕೂಗುತ್ತಿದ್ದೇನೆ ಅಂತಾದರೂ ಗೊತ್ತಿರಬೇಕಲ್ಲವೆ?

ನಮ್ಮ ಅಚ್ಚಗನ್ನಡದಲ್ಲೂ ಹಾಗೆಯೇ. 'ಮೊರೆ ಇಡು' ಅಂತೇವೆ, 'ದೂರು ಹೇಳು' ಅಂತೇವೆ. ನೋಡಿ, ಸಂಸ್ಕೃತದಲ್ಲಿ ಮಾತಾಡುವವನು, ಬೇಡುವವನು. ಪಾರ್ಸಿಯಲ್ಲಿ ಕೂಗುವವನು. ಅರಬ್ಬಿಯಲ್ಲಿ ಕರೆಯುವವನು. ಲ್ಯಾಟಿನ್ನಿನಲ್ಲಿ ಎದೆ ಬಡಿದುಕೊಳ್ಳುವವನು. ಕನ್ನಡದಲ್ಲಿ ಮೊರೆಯಿಡುವವನು. ಇಷ್ಟು ದೇಶದ ಜನ ಕೂತು ಮಾತಾಡಿಕೊಂಡು ಇಟ್ಟ ಹೆಸರಲ್ಲ. ಆದರೂ ಎಲ್ಲರಿಗೂ ಹೊಳೆದದ್ದು ಒಂದೇ. ಕೇಸು ಹಾಕುವವನು ಮೊದಲು ಕೇಳುವವರಿಲ್ಲದೆ ಕೂಗಿಕೊಂಡವನು. ಮನೆಯಲ್ಲಿ ಕೇಳಿದ್ದರೆ, ಊರಲ್ಲಿ ಕೇಳಿದ್ದರೆ ಅವನು ತುಮಕೂರಿನ ಬಸ್ಸು ಹತ್ತುತ್ತಿರಲಿಲ್ಲ.

ನಮ್ಮ ಹಳ್ಳಿಗಳಲ್ಲಿ ಈ ಅರ್ಥ ಮರೆತುಹೋಗಿದೆ. ಯಾರಾದರೂ ಕೋರ್ಟಿಗೆ ಹೋದರೆ "ಅವನು ಕೋರ್ಟು ಪಕ್ಷಿ" ಅಂತೇವೆ. ಹೆಣ್ಣುಮಗಳು ಹೋದರಂತೂ ಮುಗಿಯಿತು. ತವರಿನ ಮೇಲೆ ಕೇಸು ಹಾಕಿದಳು ಅಂತ ಹಬ್ಬಕ್ಕೆ ಕರೆಯುವುದನ್ನೇ ಬಿಡುತ್ತೇವೆ. ತಾಯಂದಿರು ಬಹಳ ಜನ ಬಂದಿದ್ದೀರಿ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಟ್ಟರು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮಗಳಿಗೂ ಮಗನಷ್ಟೇ ಹಕ್ಕು, ಮದುವೆಯಾಗಿರಲಿ ಬಿಡಲಿ ಅಂತಾಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕು ಎಂದಿಲ್ಲ ಅಂತ ತೀರ್ಮಾನ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಕೆದಕುವಂತಿಲ್ಲ. ಮಿತಾಕ್ಷರೆಯ ಹಳೇ ಲೆಕ್ಕದಲ್ಲಿ ಹುಟ್ಟಿನಿಂದಲೇ ಹಕ್ಕು ಬರುತ್ತಿದ್ದುದು ಗಂಡುಮಕ್ಕಳಿಗೆ ಮಾತ್ರ. ಈಗ ಅದೇ ಹುಟ್ಟಿನ ಹಕ್ಕು ಹೆಣ್ಣುಮಕ್ಕಳಿಗೂ ಬಂದಿದೆ.

ಇಲ್ಲೊಂದು ಸ್ವಾರಸ್ಯ ಇದೆ. ಪಾಲಿನ ದಾವೆಯಲ್ಲಿ ಪ್ರತಿವಾದಿಯೂ ವಾದಿಯೇ ಅಂತ ಕಾನೂನು ತಿಳಿದವರು ಹೇಳುತ್ತಾರೆ. ಅಕ್ಕ ಕೇಸು ಹಾಕಿರಬಹುದು, ಅದರಲ್ಲಿ ಪ್ರತಿವಾದಿಯಾದ ತಮ್ಮನೂ ತನ್ನ ಪಾಲನ್ನು ಬೇರೆ ಮಾಡಿಕೊಡಿ ಅಂತ ಕೇಳಬಹುದು. ಒಂದೇ ಮನೆಯವರ ವ್ಯಾಜ್ಯದಲ್ಲಿ ಈ ಕಡೆ ಆ ಕಡೆ ಅನ್ನುವುದು ಕಾಗದದ ಮೇಲಿನ ಗೆರೆ ಮಾತ್ರ. ಹಾಗಿರುವಾಗ ಮೊದಲು ಬಾಯಿ ಬಿಟ್ಟವಳನ್ನು ಮನೆಮುರುಕಿ ಅನ್ನುವುದು ಯಾವ ನ್ಯಾಯ?

ವಾದಿ ಎಂಬ ಹೆಸರು ಎಲ್ಲ ಕಡೆ ಒಂದೇ ಆಗಿ ಇರುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಸಿವಿಲ್ ದಾವೆಯಲ್ಲಿ ವಾದಿ, ಪ್ರತಿವಾದಿ. ಹೊಡೆದಾಟ ಕಳವಿನಲ್ಲಿ ದೂರು ಕೊಟ್ಟವನು ಫಿರ್ಯಾದಿ, ಎದುರಿನವನು ಆರೋಪಿ, ಪೊಲೀಸರು ಚಾರ್ಜ್‌ಶೀಟು ಹಾಕಿದ ಮೇಲೆ ಕೇಸು ನಡೆಸುವುದು ಸರ್ಕಾರ. ಮೇಲಿನ ಕೋರ್ಟಿಗೆ ಹೋದವನು ಮೇಲ್ಮನವಿದಾರ, ಅವನು ಕೆಳಗಿನ ಕೋರ್ಟಿನಲ್ಲಿ ಪ್ರತಿವಾದಿಯಾಗಿದ್ದಿರಬಹುದು. ಹೈಕೋರ್ಟಿನ ರಿಟ್‌ನಲ್ಲಿ ಅರ್ಜಿದಾರ. ಗೆದ್ದ ಮೇಲೆ ಡಿಕ್ರಿದಾರ. ಹಿಂದಿನ ಕಾಲದಲ್ಲಿ ಗೆದ್ದವನ ಕೈಗೆ 'ಜಯಪತ್ರ' ಬರುತ್ತಿತ್ತು. ಈಗಿನ ಜಯಪತ್ರವೇ ಡಿಕ್ರಿ. ಡಿಕ್ರಿ ಬಂದ ಮೇಲೂ ಅದನ್ನು ಅಮಲು ಮಾಡಿಸಲು ಮತ್ತೆ ಅಲೆಯಬೇಕು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಹಾಗಂತ ಕೂಗುವುದನ್ನು ತಡ ಮಾಡುವ ಹಾಗೂ ಇಲ್ಲ. 1963ರ ಕಾಲಮಿತಿ ಕಾಯಿದೆ ಪ್ರಕಾರ ಕೈಸಾಲ, ಪ್ರೋನೋಟಿನ ಸಾಲಕ್ಕೆ ಸಾಮಾನ್ಯವಾಗಿ 3 ವರ್ಷ. ಮಾಲೀಕತ್ವದ ಮೇಲೆ ಜಮೀನಿನ ಸ್ವಾಧೀನ ಕೇಳುವುದಕ್ಕೆ 12 ವರ್ಷ. ಆಮೇಲೆ ಕೂಗಿದರೆ ಕೋರ್ಟಿನ ಕಿವಿ ಮುಚ್ಚಿರುತ್ತದೆ. ದುಡ್ಡಿಲ್ಲ ಅಂತ ಸುಮ್ಮನಿರಬೇಕಾಗಿಯೂ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಪುಕ್ಕಟೆ ವಕೀಲರ ನೆರವಿದೆ. ಬರಗಾಲಕ್ಕೆ ಸಿಕ್ಕಿ ನೊಂದವರ ಹೆಸರೂ ಆ ಕಾಯಿದೆಯ 12ನೇ ಪ್ರಕರಣದಲ್ಲಿದೆ. ನಮ್ಮ ಸೀಮೆಯವರು ಇದನ್ನು ಗಂಟು ಹಾಕಿಟ್ಟುಕೊಳ್ಳಬೇಕು. ಅದೇ ಕಾಯಿದೆಯ ಲೋಕ್ ಅದಾಲತ್ತಿನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯಷ್ಟೇ ಬೆಲೆ, ಅಪೀಲು ಇಲ್ಲ, ಕಟ್ಟಿದ ಕೋರ್ಟು ಶುಲ್ಕವೂ ವಾಪಸ್ಸು ಬರುತ್ತದೆ.

ಈಗ ನಮ್ಮ ಸಂಘದ ಮಾತಿಗೆ ಬರುತ್ತೇವೆ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆ ಬಂದ ಮಾರನೇ ವರ್ಷವೇ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಂಘ ಕಟ್ಟಿದರು. ರೈತ ಸಾಹುಕಾರನ ದಾವೆಗೆ ಪ್ರತಿವಾದಿಯಾಗಿ ಜಮೀನು ಕಳೆದುಕೊಳ್ಳುವುದು ತಪ್ಪಲಿ ಎಂಬುದೇ ಇಂಥ ಸಂಘಗಳ ಮೂಲ ಉದ್ದೇಶ. ಹಾಗಿದ್ದ ಮೇಲೆ ಸಂಘವೇ ವಾದಿಯಾಗಿ ಸದಸ್ಯನ ಮುಂದೆ ನಿಂತರೆ ಏನು ಅರ್ಥ?

ಸಂಘದ ವ್ಯಾಜ್ಯ ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೇ ಪ್ರಕರಣದ ಪ್ರಕಾರ ಸಂಘದ ರಚನೆ, ಆಡಳಿತ, ವ್ಯವಹಾರಕ್ಕೆ ಸೇರಿದ ತಕರಾರು ನಿಬಂಧಕರ ಮುಂದೆ ಹೋಗಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಈ ಪ್ರಕರಣ ಸಂಘಕ್ಕೆ ಮಾತ್ರ ಕೊಟ್ಟ ಆಯುಧ ಅಂತ ಸದಸ್ಯರು ತಿಳಿದಿದ್ದಾರೆ. ಹಾಗಲ್ಲ. ಸದಸ್ಯನೂ ಸಂಘದ ಮೇಲೆ ವಾದಿಯಾಗಬಹುದು, ನಮ್ಮ ಚುನಾವಣೆ ಸರಿಯಿಲ್ಲ ಅಂತಲೂ ಕೇಳಬಹುದು. ಇನ್ನೊಬ್ಬನ ಸಾಲಕ್ಕೆ ಜಾಮೀನು ನಿಂತು ಕೈಯಿಂದ ಕಟ್ಟಿದವನು, ಆ ಸಾಲಗಾರನ ಮೇಲೆ ಇದೇ ಪ್ರಕರಣದಲ್ಲಿ ಕೇಳಿ ವಸೂಲು ಮಾಡಿಕೊಳ್ಳಬಹುದು. ಜಾಮೀನು ನಿಂತು ನೊಂದವರು ನಮ್ಮಲ್ಲಿ ಬಹಳ ಜನ, ಈ ದಾರಿ ಗೊತ್ತಿರುವವರು ಕಮ್ಮಿ.

ಸಂಘದ ಲೆಕ್ಕದ ಪುಸ್ತಕದ ಶಬ್ದಗಳನ್ನೂ ಒಂದಿಷ್ಟು ನೋಡಿ. 'ಅಸಲು' ಅಂದರೆ ಬೇರು. 'ಬಡ್ಡಿ' ಎಂಬುದು ಸಂಸ್ಕೃತದ ವೃದ್ಧಿಯಿಂದ ಬಂದದ್ದು, ಅಂದರೆ ಬೆಳೆದದ್ದು. 'ಬಾಕಿ' ಅಂದರೆ ಉಳಿದದ್ದು. 'ವಸೂಲಿ' ಅಂದರೆ ಬಂದು ತಲುಪುವುದು. ಕಟ್ಟದವನಿಗೆ ನಾವು 'ಸುಸ್ತಿದಾರ' ಅಂತೇವೆ. ಸುಸ್ತಿ ಅಂದರೆ ಪಾರ್ಸಿಯಲ್ಲಿ ಸಡಿಲ, ನಿಶ್ಶಕ್ತಿ. ನಮ್ಮ 'ಸುಸ್ತು' ಕೂಡ ಅದೇ. ಹೆಸರು ಇಟ್ಟವರು ಅವನನ್ನು ಮೋಸಗಾರ ಅನ್ನಲಿಲ್ಲ, ದಣಿದವನು ಅಂದರು. ನಿಜವಾಗಿ ದಣಿದವನನ್ನೂ, ಕೈಯಲ್ಲಿದ್ದೂ ದಣಿದ ಹಾಗೆ ಮಲಗಿದವನನ್ನೂ ಬೇರೆ ಮಾಡಿ ನೋಡುವುದೇ ನಿರ್ದೇಶಕನ ಕೆಲಸ. ಇದನ್ನು ತುಮಕೂರಿನ ಕಚೇರಿಯಲ್ಲಿ ಕೂತವರು ಮಾಡಲಾರರು. ಯಾರ ಬೋರು ಬತ್ತಿತು, ಯಾರ ತೆಂಗಿಗೆ ನುಸಿ ಬಿತ್ತು, ಯಾರ ಮನೆಯಲ್ಲಿ ಆಸ್ಪತ್ರೆ ಖರ್ಚು ಬಂತು, ಯಾರು ಸಾಲ ಹಾಗೇ ಬಿಟ್ಟು ಹೊಸ ಗಾಡಿ ತಂದರು ಎಂಬುದು ಊರಿನಲ್ಲಿರುವ ನಮಗೆ ಗೊತ್ತು.

ಸದಸ್ಯ ಬಂಧುಗಳೂ ಒಂದು ಮಾತು ಕೇಳಬೇಕು. ಸಂಘದಲ್ಲಿರುವುದು ಸರ್ಕಾರದ ದುಡ್ಡು, ಇಂದಲ್ಲ ನಾಳೆ ಮನ್ನಾ ಆಗುತ್ತದೆ ಎಂಬ ಮಾತು ಓಡಾಡುತ್ತದೆ. ಅದರಲ್ಲಿ ನಿಮ್ಮ ಪಕ್ಕದ ಮನೆಯ ವಿಧವೆ ಇಟ್ಟ ಠೇವಣಿ ಇದೆ, ಮಗಳ ಮದುವೆಗೆ ಅಂತ ಕೂಡಿಟ್ಟವರ ಕಾಸಿದೆ. ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ ಬೆಳೆ ಸಾಲದ ಬಡ್ಡಿ ರಿಯಾಯಿತಿ ಸಿಗುತ್ತದೆ, ತಪ್ಪಿಸಿದರೆ ನಷ್ಟ ನಿಮ್ಮದೇ. 'ವಾಯಿದೆ' ಅಂದರೆ ಕೊಟ್ಟ ಮಾತು ಅಂತಲೇ ಮೂಲಾರ್ಥ. ಕಟ್ಟುವ ಶಕ್ತಿಯಿದ್ದೂ ಕಟ್ಟದಿದ್ದರೆ ಕೂಗುವವರು ಸಂಘದವರಲ್ಲ, ಠೇವಣಿ ಇಟ್ಟ ಆ ತಾಯಿ. ಸಂಘ ಆಗ ವಾದಿಯಾಗುವುದು ಆಕೆಯ ಬಾಯಾಗಿ. ಅದರಿಂದ ನಾವು ಹಿಂದೆ ಸರಿಯುವ ಹಾಗಿಲ್ಲ, ಸರಿದರೆ ಅದು ದ್ರೋಹ.

ಆದರೆ ಪಾಲಿನ ದಾವೆಯ ಹಾಗೆ, ಸಂಘದ ವ್ಯಾಜ್ಯದಲ್ಲೂ ಮೇಲಿನ ಹೆಸರು ನಮ್ಮದೇ, ಕೆಳಗಿನ ಹೆಸರೂ ನಮ್ಮದೇ. ಗೆದ್ದರೂ ನಮ್ಮ ಮನೆಯ ಒಬ್ಬ ಸೋತಿರುತ್ತಾನೆ. ಆದ್ದರಿಂದ ಮುಂದಿನ ವರ್ಷಗಳಿಗೆ ಆಡಳಿತ ಮಂಡಳಿಯ ಮುಂದೆ ನಮ್ಮ ಕೆಲವು ಸಲಹೆಗಳಿವೆ. ಯಾವ ಸದಸ್ಯನ ಮೇಲೆ ತಕರಾರು ಹಾಕುವ ಮೊದಲೂ ಆ ಭಾಗದ ನಿರ್ದೇಶಕ ಒಬ್ಬ ಸಿಬ್ಬಂದಿಯ ಜೊತೆ ಮನೆಗೆ ಹೋಗಿ ಅವನ ಮಾತು ಕೇಳಿ ಬರೆದುಕೊಂಡು ಬರಬೇಕು, ಅವನು ಹೇಳಿದ ಹಾಗೆಯೇ ಬರೆಯಬೇಕು. ಅದನ್ನು ಸಭೆಯಲ್ಲಿ ಓದಿ ಆಮೇಲೆ ತೀರ್ಮಾನ ಮಾಡಬೇಕು. ನೋಟೀಸು ಸುಲಭ ಕನ್ನಡದಲ್ಲಿರಬೇಕು, ಅಸಲು ಎಷ್ಟು ಬಡ್ಡಿ ಎಷ್ಟು ಎಂಬುದು ಬೇರೆ ಬೇರೆ ಕಾಣಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಸಾಲಗಾರ ಒಂದು ಕಂತು ತಪ್ಪಿಸಿದಾಗಲೇ ಜಾಮೀನುದಾರನಿಗೂ ತಿಳಿಸಬೇಕು, ಜಪ್ತಿ ಬಂದಾಗ ಅಲ್ಲ. ಸಂಘದ ಮೇಲೆ ಸದಸ್ಯರು ಹೇಳುವ ದೂರಿಗೆ ಒಂದು ಪುಸ್ತಕ ಇಟ್ಟು, ಪ್ರತಿ ಆಡಳಿತ ಮಂಡಳಿ ಸಭೆಯಲ್ಲಿ ಅದನ್ನು ಮೊದಲ ವಿಷಯವಾಗಿ ತೆಗೆದುಕೊಳ್ಳಬೇಕು. ಸದಸ್ಯ ನಮ್ಮ ಮೇಲೆ ವಾದಿಯಾದರೆ ಅವನನ್ನು ವೈರಿ ಅಂತ ನೋಡಬಾರದು, ಮುಂದಿನ ಸಲ ಸಾಲಕ್ಕೆ ಬಂದಾಗ ಆ ಕೋಪ ತೀರಿಸಿಕೊಳ್ಳಬಾರದು.

ಇದರಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಬೇಕಾದ್ದು ಸ್ವಲ್ಪ ಹೊತ್ತು, ಎರಡು ಕಿವಿ. ಕೇಳಿದ ಮೇಲೂ ಕಟ್ಟದವನ ಮೇಲೆ ಕಾಯಿದೆ ತನ್ನ ಕೆಲಸ ಮಾಡಲಿ, ಆಗ ಅವನಿಗೂ ನಮಗೂ ಮನಸ್ಸಿನಲ್ಲಿ ಕಸಿವಿಸಿ ಇರುವುದಿಲ್ಲ.

ಇಷ್ಟು ಹೊತ್ತು ಶಾಂತರಾಗಿ ನಮ್ಮ ಮಾತು ಕೇಳಿದ್ದೀರಿ. ಮಾತಾಡುವವನೇ ವಾದಿ ಅಂತಾದರೆ ಈ ಹೊತ್ತಿನ ವಾದಿ ನಾವೇ ಆದೆವು. ಉತ್ತರ ಕೊಡುವುದು ತಮ್ಮ ಪಾಲಿಗೆ ಬಿಟ್ಟದ್ದು, ಬರುವ ಮಹಾಸಭೆಯಲ್ಲಿ ಕೊಡಿ. 

ಜೈ ಕರ್ನಾಟಕ, ಜೈ ಸಹಕಾರ.